ಏಕವಚನ

ನಮ್ಮ ಮಾತಿನಲ್ಲಿ ಒಂದು ಮರ ಮುಓಂಬೊ.
ತಲೆಯಕ್ಷರ ಹೊರಳಿದರೆ ಸಾಕು, ಮಿಯೊಂಬೊ:
ದಿನವಿಡೀ ನಡೆದರೂ ಮುಗಿಯದ ಕಾಡು.
ತಬೋರಾದಿಂದ ಬಂದ ಅರಣ್ಯದ ಸಾಹೇಬರಿಗೆ
ಬಹುವಚನ ಮಾತ್ರ ಗೊತ್ತು.
ಅಪ್ಪ ಮಿಹಾಯೊ ಮರವನ್ನು ಮಾತಾಡಿಸುತ್ತಿದ್ದುದು
ಏಕವಚನದಲ್ಲೇ,
ಬೈಯುವಾಗಲೂ ಬೇಡುವಾಗಲೂ.

ಸಾಹೇಬರು ಒಮ್ಮೆ ಕಾಯಿ ಸೀಳಿ ತೋರಿಸಿದರು:
ಇದು ಕಾಳಿನ ಕುಲ,
ನಿಮ್ಮ ಒಲೆಯ ಮೇಲೆ ಬೇಯುತ್ತಿರುವ ಅಲಸಂದೆಗೆ
ಈ ಮರ ದಾಯಾದಿ.
ಅಮ್ಮ ಸೌಟು ಹಿಡಿದೇ ಹೊರಬಂದು
ಕಾಂಡವನ್ನು ಅಡಿಯಿಂದ ಮುಡಿಯವರೆಗೆ ನೋಡಿ
'ಹಾಗಾದರೆ ಉಪ್ಪು ಎಷ್ಟು ಹಾಕಬೇಕು?' ಅಂದಳು.
ಸಾಹೇಬರು ಅದನ್ನು ಬರೆದುಕೊಳ್ಳಲಿಲ್ಲ.

ಸೆಪ್ಟೆಂಬರ್. ಮಳೆಗೆ ಇನ್ನೂ ಎರಡು ತಿಂಗಳು.
ಉಗಾಲ್ಲಾ ಹೊಳೆ ಗುಂಡಿಗುಂಡಿಯಾಗಿ ಒಡೆದು
ಒಂದೊಂದರಲ್ಲೂ ಒಂದೊಂದು ನೀರಾನೆ
ಮುನಿಸಿಕೊಂಡು ಕೂತಿರುವಾಗ
ಬೇರಿಗೆ ಯಾರು ಹೇಳುತ್ತಾರೋ,
ಬೋಳು ಕೊಂಬೆಯ ತುಂಬ ಚಿಗುರು:
ತಾಮ್ರ, ಇಟ್ಟಿಗೆ, ಕಡು ಚಹಾ, ಗಾಯದ ಅಂಚು.
ಎಲೆ ಇಲ್ಲಿ ಮುಪ್ಪಿನ ಬಣ್ಣದಲ್ಲಿ ಹುಟ್ಟಿ
ಹಸಿರಾಗುತ್ತಾ ಆಗುತ್ತಾ ಎಳೆಯದಾಗುತ್ತದೆ.
ಹೂವೋ, ಹೂವೆನ್ನಲು ನಾಚಿಕೆಯಾಗುವಷ್ಟು ಸಣ್ಣದು,
ದಳವೆಂಬುದಿಲ್ಲ, ಬರೀ ಕೇಸರದ ಕುಚ್ಚು.
ಪರಿಮಳ ಮಾತ್ರ ಎರಡು ಹೊಲ ದಾಟಿ ಬಂದು
ಒಣಹಾಕಿದ ಬಟ್ಟೆಯಲ್ಲಿ ಕೂರುತ್ತದೆ.
ಗಾಳಿ ಮೂಸಿ ಅಪ್ಪ
ಈ ಸಲ ಜೇನು ಎಷ್ಟು ಡಬ್ಬ ಎಂದು ಹೇಳಿಬಿಡುತ್ತಿದ್ದ.

ಜೇನಿಗೆ ಮನೆ ಬೇಕು. ಮನೆಗೆ ತೊಗಟೆ.
ರಸವೇರಿದ ತಿಂಗಳಲ್ಲಿ
ಮೇಲೊಂದು ಬಳೆ, ಕೆಳಗೊಂದು ಬಳೆ,
ನಡುವೆ ಉದ್ದಕ್ಕೆ ಒಂದೇ ಗೀರು.
ಅಂಗಿ ಬಿಚ್ಚಿದಂತೆ ಬಿಚ್ಚಿಕೊಳ್ಳುತ್ತಿತ್ತು ಮರ.
ಒಳಮೈ ಒದ್ದೆ, ಆಗಷ್ಟೇ ಮೀಯಿಸಿದ ಕೂಸಿನ ಬೆನ್ನು.
ಅಪ್ಪ ಅತ್ತ ನೋಡುತ್ತಿರಲಿಲ್ಲ.
ಅಂಚಿಗೆ ಕಡ್ಡಿ ಚುಚ್ಚಿ ಹೊಲಿದು
ಎರಡು ಬಾಯಿಗೂ ಹುಲ್ಲಿನ ಬಿಲ್ಲೆ ಕಟ್ಟಿ
ಒಳಗೆ ಮೇಣ ಉಜ್ಜಿ
ಪಕ್ಕದ ಮರದ ಕೊಂಬೆಗೆ ತೂಗುಬಿಡುತ್ತಿದ್ದ.
ಅದಕ್ಕೆ ಮ್ಜಿಂಗ ಅನ್ನುತ್ತಾರೆ.
ಫಿರಂಗಿಗೂ ಅದೇ ಹೆಸರು.

'ಹೂ ಕೊಟ್ಟವರ ಚರ್ಮ ಸುಲಿದು
ಹೂ ಕುಡಿಯುವವರಿಗೆ ಮನೆಯೇ?'
ನಾನು ಕೇಳಿದ್ದೆ, ಹನ್ನೊಂದು ವರ್ಷದವಳು.
'ನಿನ್ನ ಶಾಲೆಯ ಫೀಸು ಯಾವ ಮರದ್ದು, ಹೇಳಲೇ?'
ಅಂದ ಅಪ್ಪ.
ನಾನು ಬೇಡ ಅಂದೆ.

ಆದರೂ ಗೊತ್ತಿತ್ತು.
ಮ್ಪಾಂಡದ ರೈಲು ಹಳಿಯ ಬದಿಯದು, ನಮ್ಮ ಹಿತ್ತಿಲಿನಿಂದ ಕಾಣುವುದು.
ಸುಲಿದ ಮರುವರ್ಷ ಅದು ಹೂ ಬಿಟ್ಟ ರೀತಿಗೆ
ಎಂಜಿನ್ ಡ್ರೈವರ್ ಕೂಡ ತಲೆ ಹೊರಹಾಕಿ ನೋಡಿದ.
ಅದರಾಚೆ ಬೇಸಿಗೆಯಲ್ಲಿ ಕಾಯಿ ಸಿಡಿದವು,
ಮಟಮಟ ಮಧ್ಯಾಹ್ನ ಪಟ್, ಪಟಾರ್,
ತಗಡಿನ ಮಾಡಿನ ಮೇಲೆ ಬೀಜದ ಕಲ್ಲೇಟು.
ತಮ್ಮ ಡೋಟೊ ಮಂಚದಡಿ ಹೋಗಿ ಅವಿತ.
ಆಮೇಲೆ ಚಿಗುರಲಿಲ್ಲ.
ಸತ್ತ ಮೇಲೂ ಮೂರು ವರ್ಷ ನಿಂತೇ ಇತ್ತು,
ಯಾರೂ ಕೂರು ಎನ್ನದ ಅತಿಥಿಯ ಹಾಗೆ.

ಅದರ ತೊಗಟೆಯ ಗೂಡಿಗೆ ಜೇನು ಬರಲಿಲ್ಲ.
ಒಂದು ಹಲ್ಲಿ ಬಂತು, ಅದೂ ಬಿಟ್ಟುಹೋಯಿತು.
ಆ ಮಾರ್ಚಿಯಲ್ಲಿ, ಹಳಿಯುದ್ದಕ್ಕೂ ಹೊಗೆಯೊಂದು
ಗುಂಯ್‌ಗುಟ್ಟುತ್ತ ಬಂದು
ಗೂಡಿಗೆ ಒಂದು ಸುತ್ತು ಹಾಕಿ, ಬೇಡವೆಂದು,
ಸತ್ತ ಮರದ ಪೊಟರೆಯೊಳಗೆ ಇಳಿಯಿತು.

ಕಪಾಯ ಕೊಡಲಿ ತಂದ.
'ಮಿಹಾಯೊ, ನಾಲ್ಕೇ ಏಟು, ಎರಡು ಡಬ್ಬ.'
ಅಪ್ಪ ಕೊಡಲಿ ಇಸಿದುಕೊಂಡು ನೆಲಕ್ಕಿಟ್ಟ.
ಕಾಂಡಕ್ಕೆ ಕಿವಿ ಹಚ್ಚಿ
ರೈಲು ಬಂದು ಹೋಗುವಷ್ಟು ಹೊತ್ತು ನಿಂತ.
ಆಮೇಲೆ ಏನೋ ಹೇಳಿದ,
ನನಗೆ ಕೇಳಿಸಿದ್ದು ಒಂದೇ ಮಾತು:
'ನೀವು.'

ಒಳಗೆ ಅಷ್ಟು ಜನ ಇದ್ದದ್ದಕ್ಕೋ,
ಬೇರೆ ಯಾವುದಕ್ಕೋ.
ನಾನು ಕೇಳಲಿಲ್ಲ.

ಖಾಲಿ ಗೂಡನ್ನು ಅಮ್ಮ ಇಳಿಸಿಕೊಂಡಳು.
ಒಂದು ಬಾಯಿ ಹೊಸ ಹುಲ್ಲಿನಿಂದ ಬಿಗಿದು,
ಬೂದಿ ಬೆರೆಸಿ,
ಮುಂದಿನ ಬಿತ್ತನೆಯ ಅಲಸಂದೆ ತುಂಬಿಟ್ಟಳು.