ಇವತ್ತ ರಾತ್ರಿ ಫೋನ್ ಹತ್ತೂದಿಲ್ಲ

ಒಲಿ ಮುಂದ ಕುಂತಿರತೇನಿ, ಫೋನ್ ಟಿಣ್ ಅಂತೈತಿ:
'ಮಹಾರಾಷ್ಟ್ರಕ್ಕೆ ಸ್ವಾಗತ.'
ಒಗ್ಗರಣಿ ಹಾಕೂದು ಕರ್ನಾಟಕದಾಗ,
ಬಚ್ಚಲಕ್ಕ ಹೋದರ ಮಿರಜ ಕಡಿ ಟಾವರ್.
ದಿನಕ್ಕ ಹತ್ತು ಸಲ ಗಡಿ ದಾಟತೇನಿ
ಕಾಲಾಗ ಚಪ್ಪಲ್ ಸೈತ ಇಲ್ಲದ.

ಇಷ್ಟು ವರ್ಷ ನಕ್ಕು ಬಿಟ್ಟಿದ್ದೆ.
ಶ್ರಾವಣದಾಗ ನಗಿ ನಿಂತಿತು.
ತ್ರಿಶಲಾಗ ನೀರು ಒಡದಿದ್ದುವು, ನೂರಾ ಎಂಟು ಒತ್ತಿದೆ.
'ಕುಠೂನ ಬೋಲತಾಯ ತಾಯಿ? ಸಾಂಗಲೀ ಕೀ ಕೋಲ್ಹಾಪುರ?'
ಬೆಳಗಾವಿ ಜಿಲ್ಲಾರೀ, ಕಾಗವಾಡ ತಾಲೂಕ, ಅಂದೆ.
ಅಂದದ್ದೂ ಮರಾಠಿಯಾಗನ.
ಮರಾಠಿ ನನಗ ಬರತೈತಿ.
ಗಾಡಿ ಬರಲಿಲ್ಲ.
ಡೇರಿ ವ್ಯಾನಿನಾಗ ಹಾಲಿನ ಕ್ಯಾನ್ ಸರಿಸಿ, ನನ್ನ ಸೀರಿ ಹಾಸಿ...
ಆ ಹುಡಿಗಿಗೆ ಈಗ ಎರಡು ಹಲ್ಲು.
ನನ್ನ ಕಂಡರ ಕಚ್ಚಾಕ ಬರತಾಳ.

ಕಾಗವಾಡ ಸ್ಟ್ಯಾಂಡಿನಾಗ ಛತ್ರಿ ಕೆಳಗ ಕುಂತ ಆದಿನಾಥ ಅಂದ:
'ಹೊಸ ಕಂಪನಿ ಟಾವರ್ ನಮ್ಮ ಕಡೇನ ಐತ್ರಿ ಕುಸುಮಕ್ಕ.
ನಂಬರ್ ಅದಾ ಇರತೈತಿ. ಹೆಬ್ಬಟ್ಟ ಒತ್ರಿ, ಮುಗೀತು.'
ನನ್ನ ನಂಬರ್ ಎಲ್ಲಿಲ್ಲ?
ತಾಯಿ ಕಾರ್ಡಿನ ಬೆನ್ನಿಗೆ, ನದಾಫರ ಬಾಗಲಿಗೆ ಸುಣ್ಣದಾಗ,
ಹೌಸವ್ವನ ಹಿಟ್ಟಿನ ಡಬ್ಬಿ ಮ್ಯಾಲ ಮೊಳಿಯಿಂದ ಕೆರದದ್ದು.
ಅದು ಅದಾ ಇರತೈತಿ ಅಂದ ಮ್ಯಾಲ ತಕರಾರೇನು?

'ಬದಲಾಗೂ ರಾತ್ರಿ ಮಾತ್ರ
ಒಂದು ನಾಕು ತಾಸು ಬಂದ್ ಇರತೈತ್ರಿ' ಅಂದ, ನೆಲಾ ನೋಡಿಕೋತ.
ನಾಕು ತಾಸಂದರ ಅವಗ ಒಂದು ನಿದ್ದಿ.
ಚೊಚ್ಚಲಿದ್ದರ ನನಗೂ ನಡೀತಿತ್ತು.
ಎರಡನೇದ್ದು ಕಾಯೂದಿಲ್ಲ.

ಎಂಟಕ್ಷರದ ಕೋಡ್ ಬಂತು. ನಾಕು ದಿನ ಅದರ ಆಯುಷ್ಯ.
ಶೈಲಾಗ ಆಗ ಒಂಬತ್ತು ತುಂಬಿತ್ತು. ಬ್ಯಾಡ ಅಂದೆ, ಕೋಡ್ ಸತ್ತಿತು.
ಎರಡನೇ ಸಲ ಮಾಳೇರ ಸೊಸಿ, ಕಾಂಬಳೆಯವರ ಮಗಳು,
ಇಬ್ಬರದೂ ಒಂದಾ ವಾರ. ಮತ್ತ ಸತ್ತಿತು.
ಮೂರನೇ ಸಲ ರಜಿಸ್ಟರ್ ತಗದು ಕುಂತೆ,
ಯಾರಿಗೂ ದಿನ ತುಂಬದ ಒಂದು ರಾತ್ರಿ ಹುಡಕಾಕ.
ಮಾರ್ಚ್ ನೋಡಿದೆ, ಏಪ್ರಿಲ್ ನೋಡಿದೆ.
ಅಂಥಾ ರಾತ್ರಿ ಈ ಊರಾಗ ಯಾರೂ ಬಿಟ್ಟಿಲ್ಲ.

ಹೆಬ್ಬಟ್ಟ ಒತ್ತೇ ಬಿಟ್ಟೆ.
ಭಾಂಡೆ ತಿಕ್ಕಿ ಸವದ ಬೊಟ್ಟು, ಮಿಷನ್ ಮೂರು ಸಲ ಒಲ್ಲೆ ಅಂತು.
ಮೂರನೇ ದಿನಕ್ಕ ಮೆಸೇಜ್: ಇವತ್ತ ರಾತ್ರಿ.

ಸಂಜಿಮುಂದ ಮನಿ ಮನಿ ಹೊಂಟೆ.
ಇವತ್ತ ರಾತ್ರಿ ಫೋನ್ ಹತ್ತೂದಿಲ್ಲ.
ಬ್ಯಾನಿ ಬಂದರ ಕೂಗ್ರಿ, ಇಲ್ಲಾಂದ್ರ ಯಾರನ್ನರ ಓಡಸ್ರಿ.
ಒಬ್ಬರು ಚಾ ಕೊಟ್ಟರು. ಒಬ್ಬರು ಬೈದರು.
ನದಾಫರ ಬಿಬಿಜಾನ್ ಸೊಂಟದ ಮ್ಯಾಲ ಕೈ ಇಟ್ಟು ಸುಮ್ಮನ ನಿಂತಳು.
ಆಕೀದು ಎರಡನೇದ್ದು.
ಹೌಸವ್ವ ಅಂದಳು: 'ಏಳು ಹಡದೇನಿ.
ಎಲ್ಲಾ ನಂಬರಿಲ್ಲದ ಹುಟ್ಯಾವ.'
ಎಷ್ಟು ಉಳದುವು ಅಂತ ನಾ ಕೇಳಲಿಲ್ಲ.
ಆಕೀನ ಬೊಟ್ಟು ಎಣಸಾಕ ಹತ್ತಿದಳು,
ನಾಕರ ಮ್ಯಾಲ ನಿಂತಳು.

ಹತ್ತೂವರಿಗೆ ಕಡ್ಡಿ ಒಂದೊಂದ ಆರಿದುವು.
ಮೊದಲ ಸಲ ನನ್ನ ಯಾವ ರಾಜ್ಯಾನೂ ಸ್ವಾಗತ ಮಾಡಲಿಲ್ಲ.
ಚಿಲಕ ಹಾಕಲಿಲ್ಲ. ನಾಯಿ ಬೊಗಳಿದರ ಎದ್ದೆ,
ಕಬ್ಬಿನ ಟ್ರ್ಯಾಕ್ಟರ್ ಹಾಡು ಹಚಗೊಂಡು ಹೋದರ ಎದ್ದೆ.
ಗಂಡ 'ಮಲಕೊ' ಅಂದ,
ತಾನೂ ಮಲಗಲಿಲ್ಲ.

ಒಂದೂವರಿಗೆ ಬಾಗಲಾ ಬಡದರು.
ಚೀಲ ಹೆಗಲಿಗೇರಿಸಿ ಒಂದಾ ಚಪ್ಪಲ್ ಮೆಟ್ಟಿ ತಗದರ
ನದಾಫರ ಮುದುಕಿ, ಕೈಯಾಗ ಬ್ಯಾಟ್ರಿ.
'ಸುರು ಆತನು?'
'ಇಲ್ಲವಾ, ಮಲಗ್ಯಾಳ ಹುಡಿಗಿ.
ಕೂಗ್ರಿ ಅಂದಿದ್ದೆಲ್ಲ,
ಕೇಳತೈತೋ ಇಲ್ಲೋ ನೋಡೂಣಂತ ಬಂದೆ.'