ಹದಿನಾರು ಪುಟ

ರಟ್ಟಿರಲಿಲ್ಲ ಆ ಪುಸ್ತಕಕ್ಕೆ. ಮೈದಾಹಿಟ್ಟಿನ ಅಂಟು ಬಳಿದು
ಹಳೆಯ ಕ್ಯಾಲೆಂಡರಿನ ಹಾಳೆ ಹೊದಿಸಿದ್ದರು:
ಏಪ್ರಿಲ್ ತಿಂಗಳು, ಸೀರೆ ಅಂಗಡಿಯ ಜಾಹೀರಾತು.
ಕಿಲ್ಲಾ ಓಣಿಯ ವಾಚನಾಲಯದಲ್ಲಿ ದಸ್ತಗೀರ ಮಾಸ್ತರರು
ಮಕ್ಕಳ ಕಪಾಟು ಮುಗಿಸಿ ನಿಂತ ನನ್ನನ್ನು
ಕನ್ನಡಕದ ಮೇಲಿಂದ ನೋಡಿ, "ಇದನ್ನ ಓದ್ತಿ ಏನ?
ಕಡೀಕ ಹದಿನಾರು ಪುಟ ಇಲ್ಲ ನೋಡು" ಅಂದರು.

ಒಂದು ಕಬ್ಬಿಣದ ಹಡಗು, ಏಳು ಜನ.
ಸೂರ್ಯ ಆರುತ್ತಿದ್ದ ಲೋಕದಿಂದ ಹೊರಟವರು.
ದಾರಿಯೇ ನೂರಾ ನಲವತ್ತು ವರ್ಷ:
ಹೊರಟವರು ಮುಟ್ಟುವುದಿಲ್ಲ,
ಮುಟ್ಟುವವರು ಹೊರಟದ್ದನ್ನು ಕಂಡಿಲ್ಲ.
ಅಡುಗೆಯವನು ಡಬ್ಬಿಯಲ್ಲಿ ಮೆಂತ್ಯಪಲ್ಲೆ ಬೆಳೆಯುತ್ತಿದ್ದ.
ಅನುವಾದಿಸಿದವ ನಮ್ಮ ಕಡೆಯವನೇ ಇರಬೇಕು.

ಅದೇ ವಾರ ಖಾಕಿ ಚೀಲದ ಇಬ್ಬರು ಬಂದು
ಪಡಸಾಲೆಯ ಗೋಡೆಗೆ ಕೆಂಪು ಬಣ್ಣದಲ್ಲಿ ಬರೆದರು: ೫೨೩.
ನೀರು ಅಲ್ಲಿತನಕ ಬರುತ್ತದಂತೆ,
ಆಯಿಯ ತಲೆಗಿಂತ ಒಂದು ಗೇಣು ಮೇಲೆ.
ಓಣಿಯೆಲ್ಲ ಅತ್ತಿತು.
ಇದನ್ನು ಹೇಳಲು ಇವತ್ತಿಗೂ ನಾಚಿಕೆ:
ನನಗೆ ಖುಷಿಯಾಗಿತ್ತು.
ನಾವೂ ಹೊರಡುವವರು! ನಮ್ಮ ಓಣಿಯೂ ಒಂದು ಗ್ರಹ!

ಒಬ್ಬರಿಗೆ ಒಂದೇ ಪೆಟ್ಟಿಗೆ ಎಂದು ನಾನೇ ಕಾನೂನು ಮಾಡಿದೆ.
ತಮ್ಮ ಮಲ್ಲೇಶಿ ಗೋಲಿಗಳನ್ನು ಎಣಿಸಿ ಒಪ್ಪಿಸಿದ.
ಆಯಿ ಬೀಸುಕಲ್ಲಿನ ಮೇಲಿನ ಹೋಳು ಹೊತ್ತು ತಂದಳು.
ಕೆಳಗಿನದು ನೆಲದಲ್ಲಿ ಹೂತದ್ದು, ಅಲುಗಲಿಲ್ಲ.
"ಅರ್ಧಾ ಕಲ್ಲು ತಗೊಂಡ ಏನ್ಮಾಡ್ತಿ ಆಯಿ?"
"ಅರ್ಧಾ ಪುಸ್ತಕ ತಗೊಂಡ ನೀ ಏನ್ಮಾಡ್ತಿ?"

ನವನಗರದಲ್ಲಿ ಓಣಿಗಳಿಗೆ ಹೆಸರಿರಲಿಲ್ಲ.
ಸೆಕ್ಟರ್ ಇತ್ತು, ಪ್ಲಾಟ್ ನಂಬರ್ ಇತ್ತು,
ನೆರಳಿಗೆ ಲೈಟಿನ ಕಂಬ.
ಟೆಂಪೋ ಇಳಿಯುವ ಮುಂಚೆ
ಮಲ್ಲೇಶಿಯ ತಲೆಗೆ ರೊಟ್ಟಿಬುಟ್ಟಿ ಮುಚ್ಚಿದೆ.
ಮೊದಲು ನಾನಿಳಿದು, ಬೆರಳು ನೆಕ್ಕಿ ಗಾಳಿಗೆ ಹಿಡಿದು,
"ತಗೀ, ಇಲ್ಲಿ ಉಸರಾಡಬಹುದು" ಅಂದೆ.
ಬುಟ್ಟಿ ತೆಗೆದು ಸುತ್ತ ನೋಡಿ ಕೇಳಿದ:
"ಇಲ್ಲಿ ಮಂದಿ ಅದಾರೇನ?"

ವಾಚನಾಲಯವೂ ಬಂತು, ಟ್ರ್ಯಾಕ್ಟರಿನಲ್ಲಿ.
ಪುಸ್ತಕದ ಕಟ್ಟು ಬಿಚ್ಚುತ್ತಿದ್ದ ಮಾಸ್ತರರನ್ನು ಕೇಳಿದೆ:
ಅವರು ಮುಟ್ಟಿದರಾ?
"ನಿನಕಿಂತ ಮೊದಲ ಹದಿಮೂರು ಮಂದಿ ಕೇಳ್ಯಾರ.
ಒಬ್ಬೊಬ್ಬರಿಗೆ ಒಂದೊಂದು ಹೇಳೇನಿ.
ಕಮ್ಮಾರರ ಹುಡುಗಗ ಮುಟ್ಟಿದ್ರು ಅಂದೆ.
ಟಪಾಲಿನವಗ, ಹಾದ್ಯಾಗ ಹಿಂದಕ್ಕ ಹೊಳ್ಳಿದ್ರು ಅಂದೆ.
ನಿನಗ..."
ಹುರಿಯ ಗಂಟು ಬಿಚ್ಚಲಿಲ್ಲ.
ಹಲ್ಲಿನಿಂದ ಕಡಿದರು. ಹೇಳಲೇ ಇಲ್ಲ.

ಯಾವುದನ್ನು ನೋಡಿದರೂ ಸಾವಿರ ವರ್ಷದಾಚೆ ನಿಂತು ನೋಡುವ
ಕೆಟ್ಟ ಚಟ ಹತ್ತಿಸಿದ್ದು ಆ ಪುಸ್ತಕ.
ಮದುವೆ ಪಂಕ್ತಿಯಲ್ಲಿ ಎಲೆ ಮುಂದೆ ಕೂತಾಗಲೂ ಬಿಡಲಿಲ್ಲ.
ಆಯಿಯನ್ನು ಮಣ್ಣು ಮಾಡಿದ ದಿನ
ಅದೊಂದೇ ನನ್ನನ್ನು ನಿಲ್ಲಿಸಿತ್ತು ಎಂಬುದೂ ನಿಜ.

ಈಗ ನಾನು ಹಿನ್ನೀರಿನ ಅಳತೆಗೋಲು ನೋಡುವಾಕಿ.
ದಿನಾ ಬೆಳಿಗ್ಗೆ ಎಂಟಕ್ಕೆ ಮಟ್ಟ ಬರೆಯುತ್ತೇನೆ,
ದಶಾಂಶದ ಮುಂದೆ ಎರಡು ಸ್ಥಾನ.
ಈ ಮೇ ತಿಂಗಳು ನೀರು ತೀರ ಇಳಿಯಿತು.
ಚಪ್ಪಲಿ ಕೈಯಲ್ಲಿ ಹಿಡಿದು ಕೆಸರಲ್ಲಿ ನಡೆದೆ.
ಗೋಡೆ ಇಲ್ಲ. ೫೨೩ ಇಲ್ಲ.
ಕೆಳಗಿನ ಹೋಳು ಇತ್ತು.
ಗೂಟ ಕೊಳೆತ ತೂತಿನಲ್ಲಿ ಒಂದು ಗುಟುಕು ನೀರು,
ನೀರೊಳಗೆ ಸಾಸಿವೆಯಷ್ಟು ಏನೋ ಈಜುತ್ತಿತ್ತು.
ಕುಕ್ಕರುಗಾಲಲ್ಲಿ ಒಂದು ತಾಸು ಕೂತೆ.
ಅದಕ್ಕೆ ಇದೇ ಊರು ಇರಬೇಕು.

ರಜಿಸ್ಟರಿನಲ್ಲಿ ಮಟ್ಟ ಬರೆದು, ಷರಾ ಕಾಲಮ್ಮಿನಲ್ಲಿ ಬರೆದೆ:
ಕೊಕ್ಕರೆ ಮೂರು. ಗಾಳಿ ಉಸಿರಾಟಕ್ಕೆ ಯೋಗ್ಯ. ಮಂದಿ ಅದಾರ.

ಸಾಹೇಬರು ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದು
ಬದಿಗೆ "ಅನವಶ್ಯಕ" ಎಂದು ಸಹಿ ಮಾಡಿದ್ದಾರೆ.