ಗೋಡಿ ಆಚಿ ಸಪ್ಪಳ

ಸಿಂಧನೂರಿನ ನಮ್ಮ ಓಣಿಯಾಗ
ನಸುಕಿನ ಐದಕ್ಕ ಗಡಿಯಾರ ಬ್ಯಾಡ,
ಗೋಡಿ ಆಚಿ ಪಂಪಾವತಿ ರೊಟ್ಟಿ ಬಡಿತಾಳ.

ಟೀವಿಯವರು ರಾಯಚೂರಿಗೆ ಕರಕೊಂಡು ಹೋಗಿ
ಏಪ್ರನ್ ಕಟ್ಟಿದರು.
ಬಳ್ಳೊಳ್ಳಿ ಜಜ್ಜುವಾಗ ಲೈಟು ಸರಿಸಿದರು.
“ಡಿಶ್ ಹೆಸರೇನು ಮೇಡಮ್?”
“ಪುಂಡಿಪಲ್ಯ.”
“ಮತ್ತೊಮ್ಮೆ, ನಕ್ಕೊಂತ ಹೇಳ್ರಿ.”
ಮತ್ತೊಮ್ಮೆ ಹೇಳಿದಳು. ನಗಲಿಲ್ಲ.

ಐತವಾರ ಓಣಿ ಎಲ್ಲ ಆಕಿ ಪಡಸಾಲ್ಯಾಗ.
ಪರದೆ ಮ್ಯಾಲೆ ಕೈ ಏಳತಿತ್ತು, ಬೀಳತಿತ್ತು,
ಕೇಳಿದ್ದು ಮಾತ್ರ ಯಾವುದೋ ಪಿಟೀಲು.
“ಸಪ್ಪಳ ಯಾರು ತಿಂದರು?” ಅಂದಳು ಖಾಸಿಂಬಿ.
ಒಂಬತ್ತು ಮಂದ್ಯಾಗ ಏಳನೇ ನಂಬರು.
ಕೊಟ್ಟ ನಾನ್‌ಸ್ಟಿಕ್ ಹಂಚು
ಆಗಲೇ ಹರವಿಗೆ ಮುಚ್ಚಳ ಆಗಿತ್ತು.

ಸೋಮವಾರ ಐದಾತು. ಐದೂಕಾಲಾತು.
ಗೋಡಿಗೆ ಕಿವಿ ಹಚ್ಚಿ ನಿಂತೆ,
ನನ್ನ ಹಾಲು ಉಕ್ಕಿ ಹೋತು.
ಆಮ್ಯಾಲೆ ಶುರುವಾತು,
ಎಂದಿಗಿಂತ ಒಂಚೂರು ಜೋರು.